ಮೆಣಸಿನಕಾಯಿ ಚೀಲಕ್ಕೊಂದು ಕಿರ್ದಿ: ಬ್ಯಾಡಗಿ ಸೀಮೆಯ ರೈತ ಕಂಪನಿಗಳಿಗೆ ಬ್ಲಾಕ್‌ಚೈನ್ ಅಳವಡಿಕೆಯ ಸಮಗ್ರ ಮಾರ್ಗದರ್ಶಿ

ಸೋಮವಾರ ಇಲ್ಲವೇ ಗುರುವಾರ ಬೆಳಿಗ್ಗೆ ಬ್ಯಾಡಗಿ ಪೇಟೆಯೊಳಗೆ ಕಾಲಿಟ್ಟರೆ ಘಾಟಿಗಿಂತ ಮೊದಲು ಬಣ್ಣ ಕಣ್ಣಿಗೆ ಬಡಿಯುತ್ತದೆ. ಅಂಗಡಿಗಳ ಮುಂದೆ ಬಾಯಿ ಬಿಚ್ಚಿಟ್ಟ ಚೀಲಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದರಲ್ಲಿ ಕುಂದಗೋಳದ ಎರಿಹೊಲದಲ್ಲಿ (ಕಪ್ಪು ಮಣ್ಣಿನ ಹೊಲ) ಮಳೆ ನಂಬಿ ಬೆಳೆದ ಡಬ್ಬಿ ಎಂಬ ಬ್ಯಾಡಗಿ ತಳಿ, ಪಕ್ಕದ್ದರಲ್ಲಿ ಬಳ್ಳಾರಿ ಕಡೆಯ ನೀರಾವರಿಯ ಹೈಬ್ರಿಡ್. ಪಳಗಿದ ಖರೀದಿದಾರ ಕಾಯಿ ಮುಟ್ಟಿ, ಮುರಿದು, ಮೂಸಿ ಎರಡರ ಅಂತರ ಹೇಳುತ್ತಾನೆ. ಆದರೆ ಟೆಂಡರ್ ಮುಗಿದು, ತೂಕವಾಗಿ, ತೊಟ್ಟು ಬಿಡಿಸುವ ಶೆಡ್ಡಿಗೆ ಹೋದ ಮೇಲೆ ಎರಡೂ ಒಂದೇ ರಾಶಿ ಸೇರಬಹುದು. ಅಲ್ಲಿಂದ ಮುಂದೆ ಕುಂದಗೋಳದ ರೈತ ಔಷಧಿ ಎಷ್ಟು ಹಿತಮಿತವಾಗಿ ಹೊಡೆದಿದ್ದ, ಕಾಯಿಯನ್ನು ನೆಲಕ್ಕೆ ತಾಗಿಸದೆ ಹೇಗೆ ಒಣಗಿಸಿದ್ದ ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಸಾಕ್ಷಿ ಇಲ್ಲದ ಶ್ರಮಕ್ಕೆ ಪೇಟೆಯಲ್ಲಿ ಬೆಲೆಯೂ ಇಲ್ಲ.

ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ರೈತ ಉತ್ಪಾದಕ ಕಂಪನಿಗಳು ಈ ಸಾಕ್ಷಿಯನ್ನು ಹೇಗೆ ಉಳಿಸಿಕೊಳ್ಳಬಹುದು, ಅದರಲ್ಲಿ ಬ್ಲಾಕ್‌ಚೈನ್‌ನ ಪಾಲೆಷ್ಟು ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ಉದಾಹರಣೆಗೆ ಮೆಣಸಿನಕಾಯಿಯನ್ನೇ ತೆಗೆದುಕೊಂಡಿದ್ದೇನೆ. ಶೇಂಗಾ, ಹೆಸರು, ಈರುಳ್ಳಿಗೂ ಹಂತಗಳು ಇವೇ.

ಬ್ಲಾಕ್‌ಚೈನ್ ಅಂದರೆ ಏನು, ಏನಲ್ಲ

ಅಂಗಡಿಯ ಕಿರ್ದಿ ಪುಸ್ತಕ ಕಂಡವರಿಗೆ ಇದರ ಒಳಮರ್ಮ ಹೊಸದಲ್ಲ. ಕಿರ್ದಿಯ ಪ್ರತಿ ಪುಟದ ಮೇಲೆ ಹಿಂದಿನ ಪುಟದಿಂದ ತಂದ ಮೊತ್ತ ಬರೆದಿರುತ್ತದೆ. ನಡುವಿನ ಒಂದು ಪುಟದ ಅಂಕಿ ತಿದ್ದಿದರೆ ಅಲ್ಲಿಂದ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ. ಬ್ಲಾಕ್‌ಚೈನ್‌ನಲ್ಲಿ ಮೊತ್ತದ ಬದಲು ಹ್ಯಾಶ್ ಎಂಬ ಗುರುತು ಇರುತ್ತದೆ. ದಾಖಲೆ ಒಂದು ಸಾಲಿನದಿರಲಿ, ನೂರು ಪುಟದ್ದಿರಲಿ, ಎಸ್‌ಎಚ್‌ಎ-256 ಎಂಬ ಸೂತ್ರ ಅದನ್ನು 64 ಅಕ್ಷರಗಳ ಗುರುತಾಗಿ ಮಾಡುತ್ತದೆ. ದಾಖಲೆಯಲ್ಲಿ ಒಂದೇ ಒಂದು ಅಂಕಿ ಬದಲಾದರೂ ಗುರುತು ಗುರುತೇ ಸಿಗದಷ್ಟು ಬದಲಾಗುತ್ತದೆ. ಪ್ರತಿ ಬ್ಲಾಕು, ಅಂದರೆ ಈ ಕಿರ್ದಿಯ ಒಂದೊಂದು ಪುಟ, ಹಿಂದಿನದರ ಗುರುತನ್ನು ಹೊತ್ತಿರುತ್ತದೆ. ಜೊತೆಗೆ ಈ ಕಿರ್ದಿಯ ಪ್ರತಿ ಒಬ್ಬರ ಕಪಾಟಿನಲ್ಲಿ ಮಾತ್ರ ಇರುವುದಿಲ್ಲ. ರೈತ ಕಂಪನಿ, ಕೋಲ್ಡ್ ಸ್ಟೋರೇಜ್, ಖರೀದಿದಾರ ಎಲ್ಲರ ಹತ್ತಿರವೂ ಒಂದೊಂದು ಇರುತ್ತದೆ. ಒಬ್ಬರು ಗುಟ್ಟಾಗಿ ತಿದ್ದಿದರೆ ಉಳಿದವರ ಪ್ರತಿಗಳು ಅದನ್ನು ಹಿಡಿದುಕೊಡುತ್ತವೆ.

ಬರೆದದ್ದನ್ನು ಬದಲಾಯಿಸಲು ಬಿಡದಿರುವುದಷ್ಟೇ ಅದರ ಕೆಲಸ. ಬರೆಯುವಾಗಲೇ ಸುಳ್ಳು ಬರೆದರೆ ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ಹೈಬ್ರಿಡ್ ಚೀಲಕ್ಕೆ ಡಬ್ಬಿಯ ಚೀಟಿ ಅಂಟಿಸಿದರೆ ಯಾವ ತಂತ್ರಜ್ಞಾನಕ್ಕೂ ಅದು ಗೊತ್ತಾಗದು. ಹಾಗಾಗಿ ಈ ಬರಹದ ಹೆಚ್ಚಿನ ಪಾಲು ಕಂಪ್ಯೂಟರಿನ ಬಗ್ಗೆ ಇಲ್ಲ. ಹೊಲ, ಕಣ, ಚೀಲದ ಬಗ್ಗೆ ಇದೆ. ಗೆಲುವು ಸೋಲು ತೀರ್ಮಾನವಾಗುವುದು ಅಲ್ಲಿಯೇ.

ಹಂತ 1: ನಮಗಿದು ಬೇಕೇ ಎಂದು ಕೇಳಿಕೊಳ್ಳಿ

ಬೆಳೆಯುವುದು, ಒಣಗಿಸುವುದು, ಪುಡಿ ಮಾಡುವುದು, ಮಾರುವುದು ಎಲ್ಲವೂ ನಿಮ್ಮದೇ ಕಂಪನಿಯ ಕೈಯಲ್ಲಿದ್ದರೆ ಬ್ಲಾಕ್‌ಚೈನ್ ಬೇಡ, ಒಂದು ಒಳ್ಳೆಯ ಡೇಟಾಬೇಸ್ ಸಾಕು. ರಫ್ತು ದ್ರಾಕ್ಷಿಯ ಜಾಡು ಹಿಡಿಯಲು ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೇಡಾ 2006ರಲ್ಲಿ ಶುರುಮಾಡಿದ ಗ್ರೇಪ್‌ನೆಟ್ ಬ್ಲಾಕ್‌ಚೈನ್ ಇಲ್ಲದೆಯೇ ನಡೆಯಿತು. ಅಲ್ಲಿ ಎಲ್ಲರೂ ಒಪ್ಪುವ ಒಂದು ಸರ್ಕಾರಿ ಸಂಸ್ಥೆ ನಡುವೆ ನಿಂತಿತ್ತು.

ಒಬ್ಬರನ್ನೊಬ್ಬರು ಪೂರ್ತಿ ನಂಬದ ನಾಲ್ಕೈದು ಪಾಲುದಾರರಿದ್ದು, ಯಾರ ಪುಸ್ತಕ ಸರಿ ಎಂಬ ಜಗಳ ಆಗಾಗ ಏಳುತ್ತಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಮೆಣಸಿನಕಾಯಿಯಲ್ಲಿ ಆ ಸ್ಥಿತಿ ಇದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ), ಅಂದರೆ ಈ ಸೀಮೆಯ ಬೆಳೆಗೇ ಆ ಹೆಸರು ಎಂಬ ಕಾನೂನಿನ ಗುರುತು, ಸಿಕ್ಕಿತು. ಆದರೂ ಬ್ಯಾಡಗಿ ಹೆಸರಿನಲ್ಲಿ ಮಾರಾಟವಾಗುವ ಕಾಯಿಯೆಲ್ಲ ಈ ಸೀಮೆಯದ್ದಲ್ಲ ಎಂಬುದು ಪೇಟೆಯಲ್ಲಿ ಎಲ್ಲರಿಗೂ ಗೊತ್ತು. 2024ರ ಮಾರ್ಚ್ 11ರಂದು ಬೆಲೆ ಕುಸಿತದಿಂದ ರೈತರು ರೊಚ್ಚಿಗೆದ್ದು ಪೇಟೆಯಲ್ಲಿ ಬೆಂಕಿ ಬಿದ್ದದ್ದನ್ನು ನಾವು ಯಾರೂ ಮರೆತಿಲ್ಲ. ಟೆಂಡರ್ ಅಂಕಿಯನ್ನು ಬ್ಲಾಕ್‌ಚೈನ್‌ಗೆ ಹಾಕಿದ್ದರೆ ಆ ದಿನ ಬೆಲೆ ಏರುತ್ತಿತ್ತೇ? ಇಲ್ಲ. ದಾಖಲೆ ಬೆಲೆ ತರುವುದಿಲ್ಲ. ಬೇರೆ ಬೆಲೆ ಕೊಡಲು ತಯಾರಿರುವ ಖರೀದಿದಾರನಿಗೆ ಬೇರೆ ಮಾಲನ್ನು ಗುರುತಿಸಲು ನೆರವಾಗುತ್ತದೆ, ಅಷ್ಟೇ.

ಅದಕ್ಕಾಗಿ ಮೊದಲು ಖರೀದಿದಾರನನ್ನು ಹುಡುಕಿ, ಸಾಫ್ಟ್‌ವೇರ್ ಆಮೇಲೆ. ಮಸಾಲೆ ಕಂಪನಿ, ಬಣ್ಣ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆ, ರಫ್ತುದಾರ, ಇವರಲ್ಲಿ ಒಬ್ಬರಾದರೂ "ಈ ದಾಖಲೆ ಕೊಟ್ಟರೆ ಕ್ವಿಂಟಲ್‌ಗೆ ಇಷ್ಟು ಹೆಚ್ಚು ಕೊಡುತ್ತೇನೆ" ಎಂದು ಕಾಗದದಲ್ಲಿ ಬರೆದುಕೊಡಲಿ.

ಹಂತ 2: ಚೀಲದ ಜೊತೆ ನಡೆಯಿರಿ

ಕೊಠಡಿಯಲ್ಲಿ ಕೂತು ನಕ್ಷೆ ಬರೆಯಬೇಡಿ. ಒಂದು ಚೀಲ ಹಿಡಿದು ಹೊಲದಿಂದ ಕೊನೆಯ ಗೋದಾಮಿನವರೆಗೆ ಅದರ ಜೊತೆಗೇ ಹೋಗಿ. ಬಿಡಿಸುವವರು ಯಾರು, ಕಣ ಯಾರದ್ದು, ಯಾವ ವಾಹನ, ಪೇಟೆಯ ಗೇಟಿನಲ್ಲಿ ಯಾವ ಲಾಟ್ ನಂಬರ್ ಕೊಟ್ಟರು, ಹಮಾಲರು ಎಲ್ಲಿ ಇಳಿಸಿದರು, ತೂಕದ ಚೀಟಿ ಯಾರ ಹತ್ತಿರ ಉಳಿಯಿತು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎರಡು ಪ್ರಶ್ನೆಗಳನ್ನು ಪ್ರತಿ ನಿಲುಗಡೆಯಲ್ಲೂ ಕೇಳಿ: ಇಲ್ಲಿ ಮಾಲು ಕೈ ಬದಲಾಯಿತೇ? ಇಲ್ಲಿ ಬೇರೆ ಮಾಲು ಸೇರುವ ಸಂಭವವಿದೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂದು ಬಂದರೂ ಅಲ್ಲಿ ಒಂದು ದಾಖಲೆ ಬೇಕು. ಉಳಿದ ಕಡೆ ಬೇಡ.

ನೇರವಾಗಿ ರೈತ ಕಂಪನಿಯಿಂದ ಖರೀದಿದಾರನಿಗೆ ಹೋಗುವ ಮಾಲಿಗೆ ಸಾಮಾನ್ಯವಾಗಿ ಆರು ದಾಖಲೆ ಸಾಕಾಗುತ್ತವೆ: ನಾಟಿ, ಕೊನೆಯ ಸಿಂಪಡಣೆ, ಬಿಡಿಸಿದ್ದು, ಒಣಗಿಸಿ ಚೀಲ ಕಟ್ಟಿದ್ದು, ಗೋದಾಮು ಸೇರಿದ್ದು, ಮಾರಾಟವಾದದ್ದು. ಇಪ್ಪತ್ತು ಮೂವತ್ತು ಕಾಲಂ ಇರುವ ಆ್ಯಪ್ ತೋರಿಸುವವರು ಬರುತ್ತಾರೆ. ಬಿಡಿಸುವ ಹಂಗಾಮಿನಲ್ಲಿ ಅದನ್ನು ತುಂಬುವವರು ಯಾರು ಎಂದು ಅವರನ್ನು ಕೇಳಿ.

ಹಂತ 3: ಲಾಟ್ ಎಂದರೆ ಏನೆಂದು ತೀರ್ಮಾನಿಸಿ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ.

ನಮ್ಮ ಎರಿಹೊಲದಲ್ಲಿ ಮೆಣಸಿನಕಾಯಿ ಒಂಟಿಯಾಗಿ ನಿಲ್ಲುವುದು ಕಡಿಮೆ. ಈರುಳ್ಳಿ, ಹತ್ತಿ ಅದರ ಜೊತೆಗಿರುತ್ತವೆ. ಕಾಯಿ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ, ಎರಡು ಮೂರು ಬಿಡಿ (ಕೊಯ್ಲಿನ ಸರದಿ) ಬರುತ್ತದೆ. ಮೊದಲ ಬಿಡಿಯ ಬಣ್ಣ ಬೇರೆ, ಕೊನೆಯ ಬಿಡಿಯಲ್ಲಿ ಬಿಳಿಗಾಯಿ ಹೆಚ್ಚು. ಹೀಗಿರುವಾಗ "ಒಬ್ಬ ರೈತ, ಒಂದು ಲಾಟ್" ಎಂದರೆ ಸಾಲದು. ಒಬ್ಬ ರೈತ, ಒಂದು ಹೊಲ, ಒಂದು ತಳಿ, ಒಂದು ಬಿಡಿ, ಒಂದು ಕಣ, ಇವೈದೂ ಸೇರಿದರೆ ಒಂದು ಲಾಟ್. ಗುರುತು ಚಿಕ್ಕದಾಗಿರಲಿ: "ಕುಂ-017-ಡ-2" ಎಂದರೆ ಕುಂದಗೋಳ ತಾಲೂಕು, 17ನೇ ಹೊಲ, ಡಬ್ಬಿ, ಎರಡನೇ ಬಿಡಿ ಎಂದು ಹಮಾಲರೂ ಓದಿ ಹೇಳುವಂತಿರಬೇಕು.

ಹೊಲದ ಗುರುತಿಗೆ ಹೊಸ ವ್ಯವಸ್ಥೆ ಕಟ್ಟಬೇಡಿ. ಉತಾರದ (ಪಹಣಿಯ) ಸರ್ವೆ ನಂಬರ್ ಇದೆ, ಸರ್ಕಾರದ ಫ್ರೂಟ್ಸ್ ತಂತ್ರಾಂಶ ರೈತನಿಗೆ ಕೊಡುವ ಗುರುತಿನ ಸಂಖ್ಯೆ ಎಫ್‌ಐಡಿ ಇದೆ. ಅವೆರಡನ್ನೂ ಕಂಪನಿಯ ಒಳಗಿನ ಪುಸ್ತಕದಲ್ಲಿ ಹೊಲದ ಸಂಖ್ಯೆಗೆ ಜೋಡಿಸಿಡಿ. ಕೋರಿಗೆ (ಪಾಲಿಗೆ) ಮಾಡುವವರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಉತಾರದಲ್ಲಿ ಜಮೀನಿನ ಮಾಲೀಕನ ಹೆಸರು, ಬೆವರು ಸುರಿಸಿದವನು ಇನ್ನೊಬ್ಬ. ಹೆಚ್ಚುವರಿ ಬೆಲೆ ಉತಾರದ ಹೆಸರಿಗೆ ಹೋದರೆ ಬೆಳೆದವನಿಗೆ ಅನ್ಯಾಯ. ಬೆಳೆಗಾರ ಯಾರು ಎಂಬ ಕಾಲಂ ಬೇರೆಯೇ ಇರಲಿ, ಕಂಪನಿಯ ಸಭೆಯಲ್ಲಿ ಅದನ್ನು ಬಾಯಿಬಿಟ್ಟು ಓದಿ ಒಪ್ಪಿಗೆ ಪಡೆಯಿರಿ.

ಭೌಗೋಳಿಕ ಸೂಚಿಕೆಯ ಹೆಸರು ಬಳಸುವುದಾದರೆ ಚೆನ್ನೈನಲ್ಲಿರುವ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ. ಬ್ಲಾಕ್‌ಚೈನ್ ದಾಖಲೆ ಕಾನೂನಿನ ನೋಂದಣಿಗೆ ಬದಲಿಯಲ್ಲ.

ಹಂತ 4: ಹೊಲ ಮತ್ತು ಕಣದ ದಾಖಲೆ

ಸುಸ್ಥಿರ ಎಂಬ ಮಾತಿಗೆ ತೂಕ ಬರುವುದು ಇಲ್ಲಿ. ಪರಿಸರಸ್ನೇಹಿ ಎಂದು ಬರೆದರೆ ಯಾರೂ ನಂಬುವುದಿಲ್ಲ. ಅಳೆಯಬಹುದಾದ್ದನ್ನು ಬರೆಯಿರಿ.

ಸಿಂಪಡಣೆ ಮೊದಲನೆಯದು. ಮುಟುರು ರೋಗಕ್ಕೆ ಕಾರಣವಾಗುವ ಥ್ರಿಪ್ಸ್ ಮತ್ತು ಮೈಟ್ ನುಸಿಗಳ ಕಾಟ ನಮಗೆ ಹಳೆಯದು. 2021ರಿಂದೀಚೆಗೆ ಕಪ್ಪು ಥ್ರಿಪ್ಸ್ ಕೂಡ ಬಂದು ಹೂವನ್ನೇ ತಿನ್ನತೊಡಗಿದ ಮೇಲೆ ಹೆದರಿಕೆಯಿಂದ ಮೇಲಿಂದ ಮೇಲೆ ಔಷಧಿ ಹೊಡೆಯುವುದು ಹೆಚ್ಚಿತು. ಯಾವ ಔಷಧಿ, ಎಕರೆಗೆ ಎಷ್ಟು, ಯಾವ ದಿನ, ಅದಾಗಿ ಎಷ್ಟು ದಿನಕ್ಕೆ ಕಾಯಿ ಬಿಡಿಸಿದ್ದು, ಈ ನಾಲ್ಕು ಸಾಕು. ಅಂಗಡಿಯ ಬಿಲ್ಲಿನ ಫೋಟೊ ಜೊತೆಗಿರಲಿ. ನೀಲಿ, ಹಳದಿ ಅಂಟುಬಲೆ ಕಟ್ಟಿದ್ದರೆ ಅದರ ಫೋಟೊ ಕೂಡ. ಏನು ಹೊಡೆಯಬೇಕು, ಏನು ಬಿಡಬೇಕು ಎಂಬ ಸಲಹೆಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯವಿದೆ, ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಎರಡನೆಯದು ಒಣಗಿಸುವಿಕೆ. ಅಫ್ಲಟಾಕ್ಸಿನ್ ಎಂಬ ವಿಷ ಶಿಲೀಂಧ್ರದಿಂದ ಹುಟ್ಟುತ್ತದೆ. ಮಣ್ಣು ತಾಗಿದ, ಇಬ್ಬನಿಯಲ್ಲಿ ನೆನೆದ, ಅರೆಬರೆ ಒಣಗಿದ ಕಾಯಿ ಅದಕ್ಕೆ ತವರುಮನೆ. ಮೆಣಸಿನಕಾಯಿಯಲ್ಲಿ ಬಿ1 ಅಫ್ಲಟಾಕ್ಸಿನ್ ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು 10 ಮೈಕ್ರೋಗ್ರಾಂ ಮೀರಬಾರದು ಎಂಬುದು ಐರೋಪ್ಯ ಒಕ್ಕೂಟದ ಮಿತಿ. ತಾಡಪತ್ರಿಯ ಮೇಲೆ ಹರಡಿ, ರಾತ್ರಿ ಮುಚ್ಚಿ, ತೇವಾಂಶ ಶೇ 10–11ಕ್ಕೆ ಇಳಿದ ಮೇಲೆ ಚೀಲ ಕಟ್ಟಿದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಊರಿಗೊಂದು ತೇವಾಂಶ ಮಾಪಕ ಕೊಂಡುಕೊಳ್ಳಿ. ಬ್ಲಾಕ್‌ಚೈನ್‌ಗೆ ಮೀಸಲಿಟ್ಟ ಹಣದಲ್ಲಿ ಮೊದಲ ಖರ್ಚು ಅದೇ ಆಗಲಿ. ಕಾಯಿ ಮುರಿಯದಿರಲಿ ಎಂದೋ, ತೂಕ ಬರಲಿ ಎಂದೋ ಚೀಲ ತುಂಬುವಾಗ ನೀರು ಚಿಮುಕಿಸುವ ಅಭ್ಯಾಸವಿದ್ದರೆ ಈ ಲಾಟ್‌ಗಳಲ್ಲಿ ಅದು ಪೂರ್ತಿ ನಿಲ್ಲಬೇಕು.

ಮೂರನೆಯದು ಕೂಲಿ. ಕಾಯಿ ಬಿಡಿಸುವವರು, ತೊಟ್ಟು ತೆಗೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ದಿನವಿಡೀ ಘಾಟಿನಲ್ಲಿ ಕೂತು ಕೆಲಸ ಮಾಡುವ ಅವರ ಕೂಲಿ, ಕೆಲಸದ ಹೊತ್ತು, ಮುಖವಸ್ತ್ರ ಮತ್ತು ಕೈಗವಸು ಕೊಟ್ಟದ್ದು ದಾಖಲೆಯಲ್ಲಿ ಬರಲಿ. ಹೊಲದ ಹುಳುವಿನ ಲೆಕ್ಕ ಇಟ್ಟು ಕೈಯುರಿಯ ಲೆಕ್ಕ ಬಿಟ್ಟರೆ ಅದನ್ನು ಸುಸ್ಥಿರ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದನ್ನೆಲ್ಲ ಬರೆಯುವವರು ಯಾರು? ರೈತನೇ ಆ್ಯಪ್‌ನಲ್ಲಿ ತುಂಬಲಿ ಎಂಬುದು ಕೇಳಲು ಚೆಂದ, ನಡೆಯುವುದು ಕಷ್ಟ. ಊರಿನದೇ ಓದಿದ ಹುಡುಗಿಯೋ ಹುಡುಗನೋ ಹಂಗಾಮಿನ ಸಂಬಳದ ಮೇಲೆ ಮೂವತ್ತು ನಲವತ್ತು ಹೊಲ ನೋಡಿಕೊಳ್ಳಲಿ. ಈ ಸಂಬಳವೇ ಇಡೀ ಯೋಜನೆಯ ದೊಡ್ಡ ಖರ್ಚಾಗುತ್ತದೆ, ಸಾಫ್ಟ್‌ವೇರ್ ಅಲ್ಲ. ಆ್ಯಪ್ ಕನ್ನಡದಲ್ಲಿರಬೇಕು, ಸಿಗ್ನಲ್ ಇಲ್ಲದ ಹೊಲದಲ್ಲೂ ಬರೆದಿಟ್ಟುಕೊಂಡು ಊರಿಗೆ ಬಂದ ಮೇಲೆ ಕಳಿಸುವಂತಿರಬೇಕು. ಬರೆದದ್ದನ್ನು ರೈತನಿಗೆ ಓದಿ ಹೇಳಿ, ಅವನು ಹೂಂ ಎಂದ ಮೇಲೆಯೇ ಕಳಿಸಬೇಕು.

ಹಂತ 5: ಕಾಯಿಗೂ ಕಾಗದಕ್ಕೂ ಗಂಟು ಹಾಕಿ

ಒಂದು ವರ್ಷ ನಾವು ಚೀಲಗಳಿಗೆ ಮುದ್ರಿತ ಕ್ಯೂಆರ್ ಚೀಟಿ ಅಂಟಿಸಿ ಶೀತಲಗೃಹಕ್ಕೆ ಕಳಿಸಿದೆವು. ನಾಲ್ಕು ತಿಂಗಳ ನಂತರ ಹೊರತೆಗೆದಾಗ ತಂಪಿಗೆ ಅಂಟು ಬಿಟ್ಟಿತ್ತು, ಮಸಿ ಹರಡಿತ್ತು. ನಲವತ್ತು ಚೀಲ ಯಾರ್‍ಯಾರವು ಎಂದು ಹೇಳಲಾಗಲಿಲ್ಲ. ಕಂಪ್ಯೂಟರಿನಲ್ಲಿ ದಾಖಲೆ ಅಚ್ಚುಕಟ್ಟಾಗಿತ್ತು, ಆದರೆ ಅದು ಯಾವ ಚೀಲದ್ದೆಂದು ಚೀಲ ಹೇಳುತ್ತಿರಲಿಲ್ಲ. ಅವನ್ನು ಸಾಮಾನ್ಯ ಮಾಲಿನಂತೆ ಮಾರಬೇಕಾಯಿತು. ಅಂದಿನಿಂದ ಬಾಯಿ ಹೊಲಿಯುವಾಗಲೇ ಹೊಲಿಗೆಯೊಳಗೆ ಸೇರುವ ನೀರು ತಾಳುವ ಪಟ್ಟಿ ಬಳಸುತ್ತೇವೆ, ಅದೇ ಗುರುತನ್ನು ಚೀಲದ ಎರಡೂ ಮಗ್ಗುಲಿಗೆ ಬಣ್ಣದಲ್ಲಿ ಬರೆಯುತ್ತೇವೆ, ಇನ್ನೊಂದು ಚೀಟಿಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಒಳಗೇ ಇಡುತ್ತೇವೆ.

ಗುರುತಿನ ಜೊತೆಗೆ ಲೆಕ್ಕದ ತಾಳೆ ಬೇಕು. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ಎರಡು ಮೂರು ಕ್ವಿಂಟಲ್ ಒಣಕಾಯಿ ಬರುವ ಕಡೆ ಒಬ್ಬರ ಹೆಸರಿನಲ್ಲಿ ಎಕರೆಗೆ ಹತ್ತು ಕ್ವಿಂಟಲ್ ದಾಖಲಾದರೆ ಎಲ್ಲಿಂದಲೋ ಬೇರೆ ಮಾಲು ಸೇರಿದೆ. ನೂರು ಕಿಲೋ ಹಣ್ಣುಗಾಯಿ ಒಣಗಿದರೆ ಸುಮಾರು 25–30 ಕಿಲೋ ಉಳಿಯುತ್ತದೆ. ಬಿಡಿಸಿದ ತೂಕ, ಒಣಗಿದ ತೂಕ ಎರಡೂ ಇದ್ದರೆ ಇದನ್ನೂ ತಾಳೆ ನೋಡಬಹುದು. ತೊಟ್ಟು ತೆಗೆದಾಗ ಎಷ್ಟು ಇಳಿಯುತ್ತದೆ ಎಂಬುದನ್ನು ನಿಮ್ಮದೇ ಶೆಡ್ಡಿನಲ್ಲಿ ಹತ್ತು ಚೀಲ ತೂಗಿ ಕಂಡುಕೊಳ್ಳಿ. ಮಿತಿ ಮೀರಿದ ದಾಖಲೆಯನ್ನು ವ್ಯವಸ್ಥೆ ತಾನಾಗಿಯೇ ತಡೆದು, ಒಬ್ಬ ಮನುಷ್ಯ ಹೋಗಿ ನೋಡುವಂತೆ ಮಾಡಬೇಕು.

ಮೂರನೇ ಗಂಟು ಪ್ರಯೋಗಾಲಯದ್ದು. ಬಣ್ಣವನ್ನು ಆಸ್ಟಾ (ಅಮೆರಿಕದ ಮಸಾಲೆ ವ್ಯಾಪಾರ ಸಂಘದ) ಮಾನದಲ್ಲಿ ಅಳೆಯುತ್ತಾರೆ. ಬ್ಯಾಡಗಿ ಕಾಯಿಯ ಬೆಲೆ ನಿಂತಿರುವುದೇ ಆ ಅಂಕಿಯ ಮೇಲೆ. ಬೆಳಕು, ಬಿಸಿ ತಾಗಿದಷ್ಟೂ ಬಣ್ಣ ಇಳಿಯುವುದರಿಂದ ಪರೀಕ್ಷೆಯ ದಿನಾಂಕ ಬರೆಯದ ಆಸ್ಟಾ ಅಂಕಿಗೆ ಅರ್ಥವಿಲ್ಲ. ಔಷಧಿ ಉಳಿಕೆಯ ಪರೀಕ್ಷೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯ, ಗುಂಟೂರು ಮತ್ತು ಕೊಚ್ಚಿಯ ಮಸಾಲೆ ಮಂಡಳಿಯ ಪ್ರಯೋಗಾಲಯಗಳಿವೆ. ಎಲ್ಲ ಲಾಟ್ ಪರೀಕ್ಷಿಸಲು ಹಣ ಸಾಲದು. ಯಾವುದನ್ನು ಪರೀಕ್ಷಿಸಬೇಕೆಂದು ಚೀಟಿ ಎತ್ತಿ ಆರಿಸಿ. ಮಾದರಿಯನ್ನು ಬೆಳೆದವರೇ ತೆಗೆಯಬಾರದು, ಪಕ್ಕದ ಊರಿನ ದಾಖಲೆಗಾರ ತೆಗೆಯಲಿ. 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಗಿ ಬಂದದ್ದು ಮೆಣಸಿನಪುಡಿಯಲ್ಲಿ ಬೆರೆತಿದ್ದ ಸೂಡಾನ್ 1 ಎಂಬ ಬಣ್ಣದಿಂದ. ಖರೀದಿದಾರರ ನೆನಪಿನಲ್ಲಿ ಆ ಪೆಟ್ಟು ಇನ್ನೂ ಇದೆ.

ಹಂತ 6: ತಂತ್ರಾಂಶ

ಎರಡು ದಾರಿಗಳಿವೆ. ಪಾಲುದಾರರಷ್ಟೇ ಸೇರುವ ಖಾಸಗಿ ಜಾಲ ಒಂದು. ಇದಕ್ಕೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ಮುಕ್ತ ತಂತ್ರಾಂಶ ಪ್ರಸಿದ್ಧ. ವಾಲ್‌ಮಾರ್ಟ್ ಐಬಿಎಂ ಜೊತೆ ನಡೆಸಿದ ಪ್ರಯೋಗದಲ್ಲಿ ಹೋಳು ಮಾಡಿದ ಮಾವಿನ ಪ್ಯಾಕೆಟ್ಟಿನ ಮೂಲ ಹುಡುಕಲು ಹಿಡಿಯುತ್ತಿದ್ದ ಸುಮಾರು ಏಳು ದಿನ 2.2 ಸೆಕೆಂಡಿಗೆ ಇಳಿದದ್ದು ಇದರ ಮೇಲೆಯೇ. ಆದರೆ ಪ್ರತಿ ಪಾಲುದಾರ ಒಂದು ಸರ್ವರ್ ನಡೆಸಬೇಕು, ನೋಡಿಕೊಳ್ಳುವ ಎಂಜಿನಿಯರ್ ಬೇಕು. ಸಣ್ಣ ಕಂಪನಿಗೆ ಭಾರ.

ನಾನು ಹೇಳುವುದು ಎರಡನೆಯದನ್ನು. ದಾಖಲೆಗಳನ್ನು ಸಾಮಾನ್ಯ ಡೇಟಾಬೇಸ್‌ನಲ್ಲೇ ಇಡಿ. ಪ್ರತಿದಿನ ಸಂಜೆ ಅಂದಿನ ಎಲ್ಲ ದಾಖಲೆಗಳ ಹ್ಯಾಶ್‌ಗಳನ್ನು ಸೇರಿಸಿ ಒಂದೇ ಹ್ಯಾಶ್ ಮಾಡಿ, ಅದೊಂದನ್ನು ಮಾತ್ರ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ಬ್ಲಾಕ್‌ಚೈನ್‌ನಲ್ಲಿ ಬರೆಯಿರಿ. ದಿನಕ್ಕೆ ಒಂದೇ ಬರಹವಾದ್ದರಿಂದ ಖರ್ಚು ಹಿಡಿತದಲ್ಲಿರುತ್ತದೆ. ಮುಂದೆ ಯಾರಾದರೂ ಹಳೆಯ ದಾಖಲೆ ತಿದ್ದಿದರೆ ಆ ದಿನದ ಹ್ಯಾಶ್ ತಾಳೆಯಾಗುವುದಿಲ್ಲ. ಪಾಲುದಾರರೆಲ್ಲರಿಗೂ ದಾಖಲೆಗಳ ಒಂದೊಂದು ಪ್ರತಿ ಹೋಗಲಿ. ಜಾಲ ಆರಿಸುವಾಗ ವಿದ್ಯುತ್ತಿನ ಲೆಕ್ಕವನ್ನೂ ನೋಡಿ: ಬಿಟ್‌ಕಾಯಿನ್ ಮಾದರಿಯ ಗಣಿಗಾರಿಕೆ (ಹೊಸ ಬ್ಲಾಕು ಸೇರಿಸಲು ಕಂಪ್ಯೂಟರುಗಳು ನಡೆಸುವ ಲೆಕ್ಕದ ಪೈಪೋಟಿ) ವಿಪರೀತ ವಿದ್ಯುತ್ ತಿನ್ನುತ್ತದೆ, ಆದರೆ ಇಥೀರಿಯಂ ಎಂಬ ಸಾರ್ವಜನಿಕ ಜಾಲ 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿ ಕೈಬಿಟ್ಟು ತನ್ನ ಬಳಕೆಯನ್ನು ಶೇ 99ಕ್ಕೂ ಹೆಚ್ಚು ಇಳಿಸಿಕೊಂಡಿತು. ಈ ಕೆಲಸಕ್ಕೆ ಯಾವ ಕ್ರಿಪ್ಟೋ ನಾಣ್ಯವನ್ನೂ ರೈತರಿಗೆ ಮಾರಬೇಕಾಗಿಲ್ಲ. ಹಾಗೆ ಹೇಳಿಕೊಂಡು ಬಂದವರನ್ನು ಬಾಗಿಲಲ್ಲೇ ಕಳಿಸಿ.

ದಾಖಲೆಯ ರೂಪ ಬಾರ್‌ಕೋಡ್ ಮಾನದಂಡ ರೂಪಿಸುವ ಜಿಎಸ್‌1 ಸಂಸ್ಥೆಯ ಇಪಿಸಿಐಎಸ್ ಮಾನದಂಡಕ್ಕೆ ಹೊಂದಲಿ. ಏನು, ಎಲ್ಲಿ, ಯಾವಾಗ, ಯಾತಕ್ಕೆ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರುತ್ತದೆ. ನಾಳೆ ಬೇರೆ ಖರೀದಿದಾರನ ಅಥವಾ ಸರ್ಕಾರದ ವ್ಯವಸ್ಥೆಗೆ ಜೋಡಿಸುವಾಗ ಇದು ನೆರವಾಗುತ್ತದೆ. ಮಸಾಲೆ ಮಂಡಳಿಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ 2021ರಲ್ಲಿ ಮಸಾಲೆಗಳ ಜಾಡು ಹಿಡಿಯುವ ಬ್ಲಾಕ್‌ಚೈನ್ ವ್ಯವಸ್ಥೆಗೆ ಒಪ್ಪಂದ ಮಾಡಿಕೊಂಡಿತು. ಆಂಧ್ರದ ಮೆಣಸಿನಕಾಯಿ, ಅರಿಸಿನ ಬೆಳೆಗಾರರಿಂದ ಅದರ ಪ್ರಯೋಗ ಆರಂಭವಾಯಿತು. ನಮ್ಮ ದಾಖಲೆ ಅಂಥದ್ದರ ಜೊತೆ ಮಾತಾಡುವಂತಿರಬೇಕು.

ರೈತರ ಹೆಸರು, ಆಧಾರ್, ಮೊಬೈಲ್, ಬ್ಯಾಂಕ್ ಖಾತೆ ಎಂದಿಗೂ ಬ್ಲಾಕ್‌ಚೈನ್ ಸೇರಬಾರದು, ಹ್ಯಾಶ್ ರೂಪದಲ್ಲೂ ಬೇಡ. ಮೊಬೈಲ್ ನಂಬರ್ ಹತ್ತೇ ಅಂಕಿ. ಎಲ್ಲ ನಂಬರುಗಳ ಹ್ಯಾಶ್ ಮಾಡಿ ಹೋಲಿಸಿದರೆ ಕಂಪ್ಯೂಟರು ಬೇಗ ಕಂಡುಹಿಡಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ತನ್ನ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಬ್ಲಾಕ್‌ಚೈನ್‌ನಿಂದ ಅಳಿಸಲು ಬರುವುದಿಲ್ಲ.

ಕೋಡ್ ಬರೆಯುವವರು ಬೇಕಾದರೆ ದೂರ ಹೋಗಬೇಕಾಗಿಲ್ಲ. ಧಾರವಾಡದಲ್ಲಿ ಐಐಟಿ, ಐಐಐಟಿ ಎರಡೂ ಇವೆ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ವಿದ್ಯಾರ್ಥಿಗಳನ್ನು ಮೊದಲ ವಾರ ಕಣಕ್ಕೆ ಕರೆದೊಯ್ಯಿರಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂರಿಸಿ.

ಹಂತ 7: ಒಡಂಬಡಿಕೆ

ಮರ್ಸ್ಕ್ ಮತ್ತು ಐಬಿಎಂ ಹಡಗು ಸಾಗಣೆಗೆಂದು ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವೇದಿಕೆಯನ್ನು ಮುಚ್ಚುವುದಾಗಿ 2022ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ತಂತ್ರಜ್ಞಾನ ಕೆಡಲಿಲ್ಲ, ಉದ್ಯಮದವರೆಲ್ಲ ಒಟ್ಟಾಗಿ ಸೇರುವುದು ಆಗಲಿಲ್ಲ. ಅಷ್ಟು ದೊಡ್ಡವರಿಗೇ ಹಾಗಾದರೆ ನಾವು ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಸ್ಟಾಂಪ್ ಕಾಗದದ ಮೇಲೆ ಇಷ್ಟು ಬರಲಿ: ದಾಖಲೆಯ ಒಡೆತನ ರೈತ ಕಂಪನಿಯದ್ದು. ಖರೀದಿದಾರ ತನ್ನ ಲಾಟ್‌ನ ವಿವರ ಮಾತ್ರ ನೋಡಬಹುದು, ಎಲ್ಲ ಹೊಲಗಳ ಇಳುವರಿ ನೋಡಿ ಬೆಲೆ ಕೆಡವಲು ಅವಕಾಶವಿಲ್ಲ. ತಪ್ಪು ಬರೆದಿದ್ದರೆ ಹಳೆಯದನ್ನು ಅಳಿಸದೆ, ಕಾರಣ ಬರೆದು ತಿದ್ದುಪಡಿಯ ಹೊಸ ದಾಖಲೆ ಸೇರಿಸಬೇಕು, ಕಿರ್ದಿಯಲ್ಲಿ ಮಾಡುವ ಹಾಗೆಯೇ. ಸುಳ್ಳು ಸಿಕ್ಕಿಬಿದ್ದರೆ ಆ ಲಾಟ್‌ಗೆ ಹೆಚ್ಚುವರಿ ಬೆಲೆ ಇಲ್ಲ, ಮರುಕಳಿಸಿದರೆ ಒಂದು ಹಂಗಾಮು ಹೊರಗೆ. ಹೆಚ್ಚುವರಿ ಬೆಲೆ ಎಷ್ಟು ದಿನದೊಳಗೆ ಯಾರ ಖಾತೆಗೆ ಬರಬೇಕು ಎಂಬುದು ಅಂಕಿಯಲ್ಲಿರಲಿ. ದಲಾಲರನ್ನು, ಹಮಾಲರನ್ನು ಶತ್ರುಗಳಂತೆ ಹೊರಗಿಡಬೇಡಿ. ಚೀಲ ದಿನವೂ ಮುಟ್ಟುವವರು ಅವರು, ಅವರಿಗೂ ಗುರುತಿನ ಓದು ಕಲಿಸಿ.

ಹಂತ 8: ಒಂದೇ ಹಂಗಾಮು, ಸಣ್ಣದಾಗಿ

ಮೊದಲ ವರ್ಷ ಇಪ್ಪತ್ತೈದು ಹೊಲ ಮೀರಬೇಡಿ. ಜುಲೈನಲ್ಲಿ ನಾಟಿಯ ಹೊತ್ತಿಗೆ ಹೊಲಗಳ ಪಟ್ಟಿ ಸಿದ್ಧವಿರಲಿ. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಸಿಂಪಡಣೆಯ ದಾಖಲೆ, ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬಿಡಿ ಮತ್ತು ಕಣ. ಜೊತೆಗೆ ಒಂದು ಕಾಗದದ ಪುಸ್ತಕವೂ ನಡೆಯಲಿ. ಎರಡನ್ನೂ ಹೋಲಿಸಿದಾಗ ಆ್ಯಪ್ ಎಲ್ಲಿ ಎಡವುತ್ತದೆ ಎಂಬುದು ಕಾಣುತ್ತದೆ.

ಮಾಲು ಗೋದಾಮು ಸೇರಿದ ಮೇಲೆ ಮುನ್ಸೂಚನೆ ಕೊಡದೆ ಒಂದು ಪರೀಕ್ಷೆ ನಡೆಸಿ. ಯಾವುದೋ ಒಂದು ಚೀಲ ತೋರಿಸಿ, "ಇದರಲ್ಲಿ ಅಫ್ಲಟಾಕ್ಸಿನ್ ಸಿಕ್ಕಿದೆ ಎಂದುಕೊಳ್ಳಿ. ಇದೇ ಕಣದ ಉಳಿದ ಚೀಲಗಳು ಎಲ್ಲಿವೆ?" ಎಂದು ಕೇಳಿ. ಪರದೆಯ ಮೇಲೆ ಉತ್ತರ ಬಂದರೆ ಅರ್ಧ ಗೆದ್ದಂತೆ. ಗೋದಾಮಿಗೆ ನಡೆದು ಆ ಚೀಲಗಳನ್ನು ಕೈಯಿಂದ ಮುಟ್ಟಿ ಎಣಿಸಿದಾಗ ಸಂಖ್ಯೆ ಸರಿಹೋದರೆ ಪೂರ್ತಿ ಗೆದ್ದಂತೆ. ನಮ್ಮ ಮೊದಲ ಪರೀಕ್ಷೆಯಲ್ಲಿ ಎರಡು ಚೀಲ ಹೆಚ್ಚು ಸಿಕ್ಕವು. ಪಕ್ಕದ ಕಣದವು, ಮಳೆ ಬಂತೆಂದು ಗಡಿಬಿಡಿಯಲ್ಲಿ ಒಟ್ಟಿಗೆ ಕಟ್ಟಿದ್ದರು. ಮರುವರ್ಷ ಪ್ರತಿ ಕಣಕ್ಕೂ ಬೇರೆ ಬಣ್ಣದ ಹೊಲಿಗೆ ದಾರ ಕೊಟ್ಟೆವು.

ಯುಗಾದಿ ಕಳೆದು ಮಾರಾಟ ಮುಗಿದ ಮೇಲೆ ರೈತರ ಸಭೆ ಕರೆದು ಪೂರ್ತಿ ಲೆಕ್ಕ ಓದಿ: ಕ್ವಿಂಟಲ್‌ಗೆ ಎಷ್ಟು ಹೆಚ್ಚು ಸಿಕ್ಕಿತು, ದಾಖಲೆಗಾರರ ಸಂಬಳ, ಚೀಟಿ, ಪರೀಕ್ಷೆ, ತಂತ್ರಾಂಶಕ್ಕೆ ಕ್ವಿಂಟಲ್‌ಗೆ ಎಷ್ಟು ಹೋಯಿತು. ಉಳಿದದ್ದು ಬೆಳೆದವರ ಖಾತೆಗೆ ಸೇರಿದೆಯೇ ಎಂದು ಒಬ್ಬೊಬ್ಬರನ್ನೂ ಕೇಳಿ. ಎರಡು ಹಂಗಾಮು ಕಳೆದರೂ ಖರ್ಚು ಮೀರಿ ಏನೂ ಉಳಿಯದಿದ್ದರೆ ಬ್ಲಾಕ್‌ಚೈನ್ ನಿಲ್ಲಿಸಿ. ತೇವಾಂಶ ಮಾಪಕ, ತಾಡಪತ್ರಿ, ಸಿಂಪಡಣೆಯ ಪುಸ್ತಕ, ಬಣ್ಣದ ದಾರ ಇವನ್ನು ಮಾತ್ರ ಬಿಡಬೇಡಿ.